ಗಾಂಧಿ ಬಜಾರಿನಲ್ಲಿ ಉಳಿದವರು

ಬಸವನಗುಡಿಯ ರಾಮಕೃಷ್ಣ ಆಶ್ರಮದ ವೃತ್ತದಿಂದ ಹೊರಟು ಟ್ಯಾಗೋರ್ ವೃತ್ತವನ್ನು ಮುಟ್ಟುವ ಗಾಂಧಿ ಬಜಾರ್ ಮುಖ್ಯರಸ್ತೆ ಒಂದು ಕಿಲೋಮೀಟರ್ ಕೂಡ ಇಲ್ಲ. ನಿಧಾನವಾಗಿ ನಡೆದರೂ ಕಾಲು ಗಂಟೆಯೊಳಗೆ ಮುಗಿದುಹೋಗುವ ಈ ಬೀದಿಯ ಫೋಟೊ ವರಮಹಾಲಕ್ಷ್ಮಿ, ಗೌರಿ ಹಬ್ಬಗಳ ಹಿಂದಿನ ದಿನ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಉಳಿದ ದಿನಗಳಲ್ಲಿ ಇದು ಹಳೆಯ ಬೆಂಗಳೂರನ್ನು ನೆನೆದು ನಿಟ್ಟುಸಿರು ಬಿಡುವವರ ಪಾಲಿಗೆ ಬಿಟ್ಟ ವಿಷಯ. ಇಲ್ಲಿಯ ಅಡ್ಡರಸ್ತೆಯೊಂದರಲ್ಲಿ ಬಹುಕಾಲದಿಂದ ವಾಸವಾಗಿರುವ ನನಗೆ ಆ ನಿಟ್ಟುಸಿರಿನಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಜಾಗದ ಬೆಲೆ ಈ ಮಟ್ಟಕ್ಕೆ ಏರಿದ ಮೇಲೂ ಒಂದು ಮೊಳ ಹೂವನ್ನೋ ಕಾಲು ಕಿಲೋ ಕಾಫಿಪುಡಿಯನ್ನೋ ಒಂದು ಪೊಟ್ಟಣ ಕರ್ಪೂರವನ್ನೋ ಮಾರಿ ಸಂಸಾರ ತೂಗಿಸುವವರು ಇಲ್ಲಿ ಹೇಗೆ ಉಳಿದುಕೊಂಡಿದ್ದಾರೆ, ಹಾಗೆ ಉಳಿಯಲಾಗದೆ ಹೋದವರು ಏಕೆ ಹೋದರು ಎಂಬುದು ನನ್ನ ಕುತೂಹಲ.

ಬಸವನಗುಡಿಯೆಂಬುದು ಹಳೆಯ ಬೆಂಗಳೂರಿನ ಪೇಟೆಯಿಂದ ತಪ್ಪಿಸಿಕೊಂಡು ಬಂದವರ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಸಾವು ಹೆಚ್ಚಿತು, ಜನ ಮನೆಗಳಿಗೆ ಬೀಗ ಹಾಕಿಕೊಂಡು ಊರ ಹೊರಗೆ ಬಿಡಾರ ಹೂಡಿದರು. ಆ ಅನುಭವದ ಬೆನ್ನಿಗೇ ಮೈಸೂರು ಸಂಸ್ಥಾನದ ಆಡಳಿತವು ಉತ್ತರದಲ್ಲಿ ಮಲ್ಲೇಶ್ವರವನ್ನೂ ದಕ್ಷಿಣದಲ್ಲಿ ಬಸವನಗುಡಿಯನ್ನೂ ಗಾಳಿ ಬೆಳಕು ಆಡುವಂತಹ ಅಗಲವಾದ, ನೇರವಾದ ರಸ್ತೆಗಳಿರುವ ಬಡಾವಣೆಗಳನ್ನಾಗಿ ಬೆಳೆಸಿತು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳನ್ನು, ಅಂದರೆ ಶೌಚ ತೆಗೆಯುವವರು ಓಡಾಡುವ ಕಿರುದಾರಿಗಳನ್ನು, ಬಿಟ್ಟಿದ್ದರು. ಅದನ್ನು ನೈರ್ಮಲ್ಯದ ದೂರದೃಷ್ಟಿಯೆಂದು ಹೊಗಳುವವರು, ಶೌಚ ತೆಗೆಯಲು ಬರುವವರು ಮುಂಬಾಗಿಲ ಕಡೆ ಸುಳಿಯಬಾರದೆಂಬ ಜಾತಿಯ ಲೆಕ್ಕವೂ ಅದರಲ್ಲಿ ಇತ್ತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಇದಕ್ಕೆಲ್ಲ ಮುಂಚೆ ಇಲ್ಲಿದ್ದದ್ದು ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ ಮುಂತಾದ ಹಳ್ಳಿಗಳು, ಅವುಗಳ ಹೊಲಗದ್ದೆ, ಮತ್ತು ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ದೊಡ್ಡ ಬಸವಣ್ಣನ ಗುಡಿ. ಹಾಗಾಗಿ ಇಲ್ಲಿಯ ವ್ಯಾಪಾರಕ್ಕೆ ಆರಂಭದಿಂದಲೂ ಎರಡು ಬೇರುಗಳಿವೆ. ಪೇಟೆಯ ಅಂಗಡಿ ಸಂಪ್ರದಾಯವನ್ನು ಜೊತೆಗೆ ತಂದವರು ಒಂದು ಕಡೆ, ಸುತ್ತಲಿನ ಹಳ್ಳಿಗಳಿಂದ ಬುಟ್ಟಿ ಹೊತ್ತು ಬಂದು ನೆಲದ ಮೇಲೆ ಗೋಣಿ ಹಾಸಿ ಕೂತವರು ಇನ್ನೊಂದು ಕಡೆ. ಇವತ್ತಿಗೂ ಬೀದಿಯನ್ನು ಗಮನಿಸಿ ನೋಡಿದರೆ ಈ ಎರಡು ಬೇರುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು.

ಕೊಳ್ಳುವವರ ಸ್ವರೂಪವೂ ವ್ಯಾಪಾರವನ್ನು ರೂಪಿಸಿತು. 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ಬಂದು ಇದು ಮೇಷ್ಟರುಗಳ, ಗುಮಾಸ್ತರ, ವಕೀಲರ, ನಿವೃತ್ತ ಅಧಿಕಾರಿಗಳ ಬಡಾವಣೆಯಾಯಿತು. ತಿಂಗಳ ಮೊದಲ ವಾರ ಕೈಗೆ ಸಂಬಳವೋ ಪೆನ್ಷನ್ನೋ ಬರುವ, ಕೊನೆಯ ವಾರ ಕೈ ಬಿಗಿ ಹಿಡಿಯುವ ಜನ ಇವರು. ದಿನಸಿ ಅಂಗಡಿಯಲ್ಲಿ ಖಾತೆ ಬರೆಸಿ ತಿಂಗಳಿಗೊಮ್ಮೆ ಚುಕ್ತಾ ಮಾಡುವ ಪದ್ಧತಿ ಇಲ್ಲಿ ಗಟ್ಟಿಯಾಗಿ ನಿಂತಿದ್ದಕ್ಕೆ ಅದೇ ಕಾರಣ. ಅಂಗಡಿಯವರಿಗೆ ಮನೆಯ ಯಜಮಾನರ ಹೆಸರು, ನೌಕರಿ, ಮಗಳ ಮದುವೆ ಯಾವ ತಿಂಗಳು ಎಂಬುದೆಲ್ಲ ತಿಳಿದಿರುತ್ತಿತ್ತು. ಆ ತಿಳಿವಳಿಕೆಯೇ ಸಾಲಕ್ಕೆ ಆಧಾರವಾಗಿತ್ತು. ಈಗ ಖಾತೆ ಪುಸ್ತಕ ಇಟ್ಟಿರುವ ಅಂಗಡಿಗಳು ಬಹಳ ಕಡಿಮೆ. ಆದರೆ ಅಂಗಡಿಯವರು ಹೆಸರು ಹಿಡಿದು ಮಾತಾಡಿಸುವ ರೂಢಿ ಅಳಿದಿಲ್ಲ, ಹಾಗೆ ಮಾತಾಡಿಸದ ಹೊಸ ಅಂಗಡಿಗಳ ಬಗ್ಗೆ ಹಿರಿಯರಿಗೆ ಒಂದು ಬಗೆಯ ಅಸಮಾಧಾನವೂ ಇದೆ.

ಹಬ್ಬದ ಪಟ್ಟಿ ಹಿಡಿದು ಹೊರಟವರ ಜೊತೆ ಒಮ್ಮೆ ಹೆಜ್ಜೆ ಹಾಕಿದರೆ ಬೀದಿಯ ವ್ಯವಸ್ಥೆ ಅರ್ಥವಾಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಬಜೆ, ಗೋಪಿಚಂದನ. ಅದರ ಎದುರಿನ ಫುಟ್‌ಪಾತಿನಲ್ಲಿ ಬಾಳೆಕಂದು, ಮಾವಿನ ಎಲೆ, ಗರಿಕೆ, ಬಿಲ್ವಪತ್ರೆ. ಬಳೆ ಅಂಗಡಿಯಿಂದ ಮೊರದ ಬಾಗಿನದ ಸಾಮಾನು, ಮೊರ ಮಾತ್ರ ಬೀದಿಬದಿಯಲ್ಲಿ. ಪುಸ್ತಕ ಬೇಕಾದವರು ಅಂಕಿತ ಪುಸ್ತಕದ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಸೀರೆ ಬೇಕಾದವರು ಡಿ.ವಿ.ಜಿ. ರಸ್ತೆಗೆ ಹೊರಳುತ್ತಾರೆ. ಇದರಲ್ಲಿ ಯಾವುದೂ ಒಂದೇ ಸೂರಿನಡಿ ಸಿಗುವುದಿಲ್ಲ, ಆದರೆ ಎಲ್ಲವೂ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಬಾಡಿಗೆ ಕೊಟ್ಟು ಕೂತ ಅಂಗಡಿಯವರು ಎಲೆ, ಹೂ, ಗರಿಕೆಯಂತಹ ಸಂಜೆಗೆ ಬಾಡುವ ಮಾಲನ್ನು ಇಡಲಾರರು. ಬೀದಿಬದಿಯವರು ವರ್ಷಗಟ್ಟಲೆ ದಾಸ್ತಾನು ಇಡಬೇಕಾದ ಮಾಲಿಗೆ ಬಂಡವಾಳ ಹಾಕಲಾರರು. ಒಬ್ಬರಿಗೆ ಬಂದ ಗಿರಾಕಿ ಇನ್ನೊಬ್ಬರಿಗೂ ಗಿರಾಕಿ. ಫುಟ್‌ಪಾತಿನವರಿಂದ ನಮ್ಮ ವ್ಯಾಪಾರ ಹಾಳಾಯಿತೆಂದು ಸಭೆಗಳಲ್ಲಿ ದೂರುವ ಅಂಗಡಿ ಮಾಲೀಕರನ್ನು ಕಂಡಾಗ, ಅವರ ಗಲ್ಲಾಪೆಟ್ಟಿಗೆಗೆ ಬಂದ ಹಬ್ಬದ ದುಡ್ಡಿನಲ್ಲಿ ಎದುರಿನ ಬಾಳೆಕಂದಿನ ಪಾಲೆಷ್ಟು ಎಂದು ಕೇಳಬೇಕೆನಿಸುತ್ತದೆ.

ನಮ್ಮ ಮನೆಗೆ ವರ್ಷಗಳಿಂದ ಹೂ ಕೊಡುವ ಹೆಂಗಸೊಬ್ಬರಿದ್ದಾರೆ. ಇನ್ನೂ ಕತ್ತಲಿರುವಾಗಲೇ ಕೆ.ಆರ್. ಮಾರುಕಟ್ಟೆಗೆ ಹೋಗಿ ಬಿಡಿಹೂ ತಂದು, ಒಂದು ಪಾತ್ರೆ ಅಂಗಡಿಯ ಮುಚ್ಚಿದ ಶಟರಿನ ಮುಂದಿನ ಜಗಲಿಯ ಮೇಲೆ ಕೂತು ಕಟ್ಟಲು ಶುರು ಮಾಡುತ್ತಾರೆ. ಬಾಳೆನಾರನ್ನು ನೀರಲ್ಲಿ ನೆನೆಸಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ನಡುವೆ ಒಂದು ಎಸಳು ಮರುಗ ಇಟ್ಟು ಕಟ್ಟುವ ಅವರ ಬೆರಳುಗಳು ಮಾತಿಗೆ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಅಂಗಡಿಯ ಹುಡುಗ ಶಟರು ಎತ್ತುವ ಹೊತ್ತಿಗೆ ಬುಟ್ಟಿ ಜಗಲಿಯಿಂದ ಇಳಿದು ಕಲ್ಲಿನ ಅಂಚಿಗೆ ಸರಿದಿರುತ್ತದೆ, ಅಂಗಡಿಯ ಲಕ್ಷ್ಮಿ ಫೋಟೊಗೆ ಒಂದು ಮೊಳ ಹೂ ಹೋಗಿರುತ್ತದೆ. ರಾತ್ರಿ ಅವರ ಕೊಡೆ, ಮಣೆ, ಖಾಲಿ ಬುಟ್ಟಿಗಳು ಅದೇ ಅಂಗಡಿಯ ಹಿಂದಿನ ಮೂಲೆಯಲ್ಲಿ ಇರುತ್ತವೆ. ಯಾವ ಕರಾರು ಪತ್ರವೂ ಇಲ್ಲದ ಈ ಏರ್ಪಾಡು ಹಿಂದಿನ ಯಜಮಾನರ ಕಾಲದಿಂದ ನಡೆದು ಬಂದಿದೆ. "ಏನಮ್ಮಾ, ಇವತ್ತು ಕನಕಾಂಬರ ಇಲ್ವಾ?" ಎಂದು ಪಾತ್ರೆ ಅಂಗಡಿಯವರು ಕೇಳಿದರೆ, "ಮಾರ್ಕೆಟ್ಟಲ್ಲಿ ಕೈಗೆ ಸಿಗ್ತಿಲ್ಲ ಅಣ್ಣಾ, ಕೇಳಿದ್ ರೇಟಿಗೆ ತಂದ್ರೆ ನೀವೇ ಬೈತೀರಾ" ಎಂಬ ಉತ್ತರ. ಮೊಳ ಅಳೆಯುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಮೇಲೆ ನಾಲ್ಕು ಬೆರಳು ಕೊಸರು ಬಿಡುತ್ತಾರೆ. ಕೊಸರು ಸಿಗದ ಕಡೆ ನಮ್ಮ ಜನ ಎರಡನೇ ಸಲ ಹೂ ಕೊಳ್ಳುವುದಿಲ್ಲ.

ಕಾಫಿಪುಡಿ ಅಂಗಡಿಯದು ಇನ್ನೊಂದು ಬಗೆಯ ಸಂಬಂಧ. ಪೀಬೆರಿ ಬೀಜ ಎಷ್ಟು, ಪ್ಲಾಂಟೇಷನ್ ಎ ಬೀಜ ಎಷ್ಟು, ಬೆರೆಸುವ ಚಿಕೋರಿ ಎಷ್ಟು ಎಂಬುದು ಮನೆಮನೆಗೆ ಬೇರೆ, ಅದನ್ನು ಬಾಯಿಬಿಟ್ಟು ಹೇಳಬೇಕಾದದ್ದು ಮೊದಲ ಒಂದೆರಡು ಸಲ ಮಾತ್ರ. ಮಾವನವರಿಗೆ ಚಿಕೋರಿ ಕೂಡದು, ಸೊಸೆಗೆ ಇಲ್ಲದಿದ್ದರೆ ಆಗದು ಎಂಬಂತಹ ಮನೆಗಳಿಗೆ ಎರಡು ಪೊಟ್ಟಣ ಬೇರೆ ಬೇರೆ ಕಟ್ಟುತ್ತಾರೆ. ಹುರಿದ ಬೀಜ ಯಂತ್ರಕ್ಕೆ ಬಿದ್ದ ಕ್ಷಣ ಏಳುವ ಘಮ ಎದುರಿನ ಬಸ್‌ ನಿಲ್ದಾಣದವರೆಗೂ ಹೋಗುತ್ತದೆ, ಅದಕ್ಕಿಂತ ಒಳ್ಳೆಯ ಜಾಹೀರಾತು ಅವರಿಗೆ ಬೇಕಾಗಿಲ್ಲ. ಇದು ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳಿಗೆ ಸುಲಭವಾಗಿ ಬಗ್ಗದ ವ್ಯಾಪಾರ. ಹತ್ತು ನಿಮಿಷದಲ್ಲಿ ಬರುವ ಸಾಮಾನಿನ ಹೊಡೆತ ನಿಜವಾಗಿ ಬಿದ್ದಿರುವುದು ಬ್ರಾಂಡ್ ಪೊಟ್ಟಣಗಳನ್ನೇ ನೆಚ್ಚಿಕೊಂಡ ದಿನಸಿ ಅಂಗಡಿಗಳ ಮೇಲೆ. ಸೋಪು, ಬಿಸ್ಕತ್ತು, ಎಣ್ಣೆ ಪ್ಯಾಕೆಟ್ಟು ಎಲ್ಲಿ ಕೊಂಡರೂ ಒಂದೇ, ಹಾಗಾಗಿ ಕೊಳ್ಳಲು ಹೊರಡುವ ಕಾರಣವೇ ಇಲ್ಲವಾಗುತ್ತದೆ. ಮನೆಯಲ್ಲಿ ಮಾಡಿದಂತಿರುವ, ಕಣ್ಣಿಂದ ನೋಡಿ ಮೂಗಿಂದ ಪರೀಕ್ಷಿಸಿ ಕೊಳ್ಳುವ ಮಾಲಿಟ್ಟವರು ಅಷ್ಟಾಗಿ ಅಲುಗಾಡಿಲ್ಲ. 1940ರ ದಶಕದ ಕೊನೆಯಲ್ಲಿ ಹಪ್ಪಳ ಸಂಡಿಗೆಯಿಂದ ಆರಂಭವಾದ ಸುಬ್ಬಮ್ಮನ ಅಂಗಡಿಯ ಮುಂದೆ ಇಂದಿಗೂ ಕೋಡುಬಳೆ, ನಿಪ್ಪಟ್ಟಿಗೆ ನಿಲ್ಲುವ ಜನರನ್ನು ನೋಡಿದರೆ ಈ ಮಾತು ಒಪ್ಪಬೇಕಾಗುತ್ತದೆ.

ವಿದ್ಯಾರ್ಥಿ ಭವನದ ಬಗ್ಗೆ ಬರೆಯದೆ ಗಾಂಧಿ ಬಜಾರಿನ ಬಗ್ಗೆ ಬರೆದರೆ ಓದುಗರು ಬಿಡುವುದಿಲ್ಲ, ಆದ್ದರಿಂದ ನಾಲ್ಕು ಮಾತು. 1943ರಲ್ಲಿ ಹೆಸರಿಗೆ ತಕ್ಕಂತೆ ವಿದ್ಯಾರ್ಥಿಗಳ ಹೋಟೆಲಾಗಿ ಶುರುವಾಗಿ, 1970ರಲ್ಲಿ ಕೈ ಬದಲಾಗಿ, ಇಂದು ಮಸಾಲೆ ದೋಸೆಯ ತೀರ್ಥಕ್ಷೇತ್ರದಂತಾಗಿರುವ ಈ ಹೋಟೆಲಿನ ದೋಸೆಯ ರುಚಿಯ ಚರ್ಚೆಯನ್ನು ಬೇರೆಯವರಿಗೆ ಬಿಡುತ್ತೇನೆ. ಅದರಿಂದ ಬೀದಿಗೆ ಆಗಿರುವ ಉಪಕಾರ ಮಾತ್ರ ಗಮನಿಸಬೇಕಾದದ್ದು. ವಾರಾಂತ್ಯದ ಬೆಳಿಗ್ಗೆ ಹೆಸರು ಬರೆಸಿ ಕಾಯುವ ಜನ ಸುಮ್ಮನೆ ನಿಲ್ಲಲಾಗದೆ ಹೂವಿನ ಮುಂದೆ, ಹಣ್ಣಿನ ಮುಂದೆ, ಪುಸ್ತಕದ ಮುಂದೆ ಓಡಾಡುತ್ತಾರೆ. ಒಳಗೆ ಹೋಗುವ ಹೊತ್ತಿಗೆ ಕೈಯಲ್ಲೊಂದು ಚೀಲವಿರುತ್ತದೆ. ಶುಕ್ರವಾರ ಹೋಟೆಲಿಗೆ ರಜೆ. ಆ ಬೆಳಿಗ್ಗೆ ಆಸುಪಾಸಿನ ಹಣ್ಣಿನವರು "ಇವತ್ತು ಭವನ ಇಲ್ಲ, ಬೋಣಿನೂ ಇಲ್ಲ" ಎಂದು ನಗುತ್ತಾ ಹೇಳುವುದುಂಟು, ಶುಕ್ರವಾರದ ಪೂಜೆಯ ಹೂವಿನವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಇನ್ನು ಹೋದವರ ವಿಷಯ. ನನ್ನ ನೆನಪಿನಲ್ಲೇ ಈ ಬೀದಿಯಿಂದ ಮರೆಯಾದ ಅಂಗಡಿಗಳನ್ನು ಎಣಿಸುತ್ತಾ ಹೋದರೆ, ವ್ಯಾಪಾರ ಕುಸಿದು ಮುಚ್ಚಿದವು ಕಡಿಮೆ. ಬಹುಪಾಲು ಅಂಗಡಿಗಳು ಕಟ್ಟಡ ಪಾಲಾದದ್ದರಿಂದ ಹೋದವು. ಅಜ್ಜ ಕಟ್ಟಿಸಿದ ಮಳಿಗೆ ಮೂರು ಮಕ್ಕಳಿಗೆ, ಏಳು ಮೊಮ್ಮಕ್ಕಳಿಗೆ ಹಂಚಿಕೆಯಾಗುವ ಹೊತ್ತಿಗೆ ಅವರಲ್ಲಿ ಅರ್ಧ ಜನ ವಿದೇಶದಲ್ಲಿರುತ್ತಾರೆ, ಹಂಚಿಕೊಳ್ಳುವ ಸುಲಭದ ದಾರಿಯೆಂದರೆ ಮಾರಿ ದುಡ್ಡು ಮಾಡಿಕೊಳ್ಳುವುದು. ಕೊಂಡವರು ಹಳೆಯದನ್ನು ಕೆಡವಿ ನಾಲ್ಕು ಅಂತಸ್ತು ಎತ್ತುತ್ತಾರೆ, ಹಾಕಿದ ಬಂಡವಾಳಕ್ಕೆ ತಕ್ಕ ಬಾಡಿಗೆಯನ್ನು ಒಡವೆ ಅಂಗಡಿಯೋ ಹೆಸರಾಂತ ಬಟ್ಟೆ ಕಂಪನಿಯೋ ಮಾತ್ರ ಕೊಡಬಲ್ಲುದು. ಕಾನೂನು ಇಲ್ಲಿ ಸಣ್ಣವರ ಕೈಹಿಡಿಯುತ್ತದೆಯೇ ಎಂದರೆ, ಅದಕ್ಕೂ ಒಂದು ಅಳತೆಯಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ವಾಣಿಜ್ಯ ಬಳಕೆಯ ಜಾಗಗಳಲ್ಲಿ 14 ಚದರ ಮೀಟರು ಮೀರದ ಮಳಿಗೆಗಳನ್ನಷ್ಟೇ ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿದೆ. 14 ಚದರ ಮೀಟರೆಂದರೆ ಸುಮಾರು 150 ಚದರ ಅಡಿ, ಒಂದು ಸಣ್ಣ ಬಳೆ ಅಂಗಡಿಯ ಜಾಗ. ಅದಕ್ಕಿಂತ ಒಂದಡಿ ಹೆಚ್ಚಿಟ್ಟುಕೊಂಡ ಪಾತ್ರೆ ಅಂಗಡಿಯವರಿಗೂ ಸಣ್ಣ ಹೋಟೆಲಿನವರಿಗೂ ಉಳಿಯುವುದು ಹನ್ನೊಂದು ತಿಂಗಳ ಕರಾರು ಮತ್ತು ಮಾಲೀಕರ ಮುಲಾಜು.

ಆದ್ದರಿಂದ ಈ ಬೀದಿಯಲ್ಲಿ ಇಂದು ಉಳಿದಿರುವ ಹಳಬರನ್ನು ನೋಡಿದರೆ, ಅವರಲ್ಲಿ ಹೆಚ್ಚಿನವರು ಮೂರರಲ್ಲಿ ಒಂದು ಗುಂಪಿಗೆ ಸೇರುತ್ತಾರೆಂದು ನನಗೆ ಕಾಣುತ್ತದೆ. ಮಳಿಗೆ ಸ್ವಂತದ್ದಾಗಿದ್ದವರು, ಗೂಡಿನಷ್ಟೇ ಜಾಗದಲ್ಲಿ ತೃಪ್ತಿಪಟ್ಟವರು, ಮತ್ತು ಜಾಗವೇ ಇಲ್ಲದೆ ಬೀದಿಯಲ್ಲಿ ಕೂತವರು. ನಡುವಿನವರು, ಅಂದರೆ ಸಾಧಾರಣ ಬಾಡಿಗೆಯಲ್ಲಿ ಸಾಧಾರಣ ಅಂಗಡಿ ನಡೆಸುತ್ತಿದ್ದವರು, ಮೊದಲು ಹೊರಟುಹೋದರು. ಪಾರಂಪರಿಕ ಬಡಾವಣೆಯನ್ನು ಉಳಿಸಬೇಕೆಂಬ ಭಾಷಣಗಳಲ್ಲಿ ಮಂಗಳೂರು ಹೆಂಚಿನ ಮನೆ, ಮರದ ಕಂಬ, ತೊಟ್ಟಿಯ ವರ್ಣನೆ ಧಾರಾಳವಾಗಿ ಬರುತ್ತದೆ, ಬಾಡಿಗೆ ಕರಾರಿನ ಸುದ್ದಿ ಬರುವುದೇ ಇಲ್ಲ. ಕಟ್ಟಡವನ್ನು ಹಾಗೇ ಉಳಿಸಿಕೊಂಡು ಒಳಗೆ ದುಬಾರಿ ಕೆಫೆ ತೆರೆದರೆ ಫೋಟೊ ಚೆನ್ನಾಗಿ ಬರುತ್ತದೆ. ಅಲ್ಲಿ ಮೊದಲು ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದ ದರ್ಜಿ ಎಲ್ಲಿಗೆ ಹೋದರೆಂದು ಕೇಳುವವರಿಲ್ಲ.

ಬೀದಿಯ ಸ್ವರೂಪವನ್ನೇ ಬದಲಿಸಿದ ಸಂಗತಿಗಳು ಕಳೆದ ದಶಕದಲ್ಲಿ ಎರಡು. 2017ರ ಜೂನಿನಲ್ಲಿ ಹಸಿರು ಮಾರ್ಗದ ಮೆಟ್ರೊ ದಕ್ಷಿಣಕ್ಕೆ ವಿಸ್ತರಿಸಿ ನ್ಯಾಷನಲ್ ಕಾಲೇಜು ನಿಲ್ದಾಣ ತೆರೆದದ್ದು ಮೊದಲನೆಯದು. ಪೀಣ್ಯ, ಯಶವಂತಪುರದ ಕಡೆಯಿಂದಲೂ ಜನ ವಾಹನದ ಚಿಂತೆಯಿಲ್ಲದೆ ಬಂದು ಹೋಗುವಂತಾಯಿತು. ಎರಡನೆಯದು, ಮುಖ್ಯರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮರುರೂಪಿಸುವ ಸರ್ಕಾರಿ ಯೋಜನೆ. ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಕಲ್ಲು ಹಾಸಿ ಹೊಸ ರೂಪ ಕೊಟ್ಟ ಮೇಲೆ ಅದೇ ಬಗೆಯಲ್ಲಿ ಇಲ್ಲಿಯೂ ಮಾಡಬೇಕೆಂಬ ಆಲೋಚನೆ ಬಲವಾಯಿತು. ವಾಹನಗಳನ್ನು ಪೂರ್ತಿ ನಿಲ್ಲಿಸುವ ಮಾತು ಬಂದಾಗ ಅಂಗಡಿಯವರು ಬಲವಾಗಿ ವಿರೋಧಿಸಿದರು. ರಸ್ತೆ ಅಗೆದ ಕೆಲಸ ಅಂದುಕೊಂಡದ್ದಕ್ಕಿಂತ ಬಹಳ ಉದ್ದಕ್ಕೆ ಎಳೆಯಿತು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಹಲಗೆಯ ಮೇಲೆ ದಾಟಿಕೊಂಡು ಅಂಗಡಿಗೆ ಹೋಗಬೇಕಾದ ಸ್ಥಿತಿ ಎಲ್ಲವನ್ನೂ ಕಂಡೆವು. ಆ ಅವಧಿಯಲ್ಲಿ ಎರಡು ದೀಪಾವಳಿಗೂ ಕೈಗೆ ಏನೂ ಹತ್ತಲಿಲ್ಲವೆಂದು ಬಟ್ಟೆ ಅಂಗಡಿಯವರೊಬ್ಬರು ನನ್ನ ಹತ್ತಿರ ಹೇಳಿಕೊಂಡಿದ್ದರು.

ಕೆಲಸ ಮುಗಿದ ಮೇಲಿನ ರಸ್ತೆಯನ್ನು ನಾನು ಮೆಚ್ಚುತ್ತೇನೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಂಬತ್ತು ದಾಟಿದ ಅಮ್ಮಂದಿರು ಈಗ ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗುತ್ತಾರೆ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ತಾಯಂದಿರು ಕಾಣಿಸತೊಡಗಿದ್ದಾರೆ. ಗಿರಾಕಿಗಳು ಕಾರಿನಲ್ಲೇ ಬರುತ್ತಾರೆಂಬ ಅಂಗಡಿಯವರ ನಂಬಿಕೆ ಮಾತ್ರ ಇನ್ನೂ ಗಟ್ಟಿಯಾಗಿಯೇ ಇದೆ. ಗಲ್ಲಾದ ಮೇಲೆ ಕೂತವರಿಗೆ ಬಾಗಿಲ ಮುಂದೆ ನಿಂತ ಕಾರು ಕಣ್ಣಿಗೆ ಬೀಳುತ್ತದೆ, ಪಕ್ಕದ ಬೀದಿಯಿಂದ ಚೀಲ ಹಿಡಿದು ನಡೆದು ಬಂದವರು ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಸಂಜೆ ಹೊತ್ತು ಯಾರಾದರೂ ಒಂದು ಮೂಲೆಯಲ್ಲಿ ನಿಂತು, ಕೈಯಲ್ಲಿ ಚೀಲವಿದ್ದವರು ಯಾವ ಕಡೆಗೆ ಹೊರಡುತ್ತಾರೆಂದು ನೋಡಲಿ. ಕಾಲ್ನಡಿಗೆಯವರು, ಸ್ಕೂಟರಿನವರು, ಆಟೊ ಕೂಗುವವರು, ಮೆಟ್ರೊ ಕಡೆ ತಿರುಗುವವರು ಇವರೇ ಹೆಚ್ಚು.

ಆದರೆ ಹೊಸ ಕಲ್ಲುಹಾಸಿನ ಮೇಲೆ ಯಾರು ಕೂರಬೇಕೆಂಬ ಪ್ರಶ್ನೆ ಬಂದಾಗ ಬೀದಿಬದಿಯವರ ಎದೆ ನಡುಗಿತು. ಕಾಮಗಾರಿಗೆಂದು ಎಬ್ಬಿಸಿದವರನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತಾರೆಂಬ ಭರವಸೆ ಬಾಯಿಮಾತಿನದು. ಹೂವಿನವರಿಗೆ ಎರಡು ಗಜ ಆಚೀಚೆ ಸರಿದರೂ ಗಿರಾಕಿ ತಪ್ಪಿಹೋಗುತ್ತಾರೆ, ಏಕೆಂದರೆ ಗಿರಾಕಿಗಳ ಕಾಲು ರೂಢಿಯಿಂದ ನಡೆಯುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕಾನೂನಿನ ಈ ಮಾತು ಬೆಳಿಗ್ಗೆ ಬುಟ್ಟಿ ಇಳಿಸುವವರ ಕಿವಿಗೆ ತಲುಪಿಲ್ಲ. "ಸಾಹೇಬ್ರು ಬರ್ತಾರಂತೆ, ಎತ್ತಿಟ್ಕೊಳ್ಳಿ" ಎಂಬ ಸುದ್ದಿ ಮಾತ್ರ ಬೀದಿಯ ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ತಲುಪುತ್ತದೆ.

ಬೀದಿಬದಿ ವ್ಯಾಪಾರಕ್ಕೆ ಬಾಡಿಗೆ ಇಲ್ಲವಾದ್ದರಿಂದ ಅದರಲ್ಲಿ ಲಾಭವೇ ಲಾಭವೆಂದು ತಿಳಿದವರಿಗೆ ಮೀಟರ್ ಬಡ್ಡಿಯ ಪರಿಚಯವಿರಲಾರದು. ಬೆಳಿಗ್ಗೆ ಮಾಲು ತರಲು ಪಡೆದ ಸಾಲವನ್ನು ಸಂಜೆ ಬಡ್ಡಿ ಸೇರಿಸಿ ಹಿಂದಿರುಗಿಸುವ ಪದ್ಧತಿಯಲ್ಲಿ ದಿನದ ದುಡಿಮೆಯ ಒಂದು ಭಾಗ ಕೈಗೆ ಬರುವ ಮೊದಲೇ ಹೋಗಿರುತ್ತದೆ. 2018ರಲ್ಲಿ ರಾಜ್ಯ ಸರ್ಕಾರ ತಂದ ಬಡವರ ಬಂಧು ಸಾಲ ಯೋಜನೆ, ಕೊರೊನಾ ಕಾಲದಲ್ಲಿ ಅಂದರೆ 2020ರ ಜೂನಿನಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಯ ಮೊದಲ ಸಾಲದೊಂದಿಗೆ ಆರಂಭಿಸಿದ ಪಿಎಂ ಸ್ವನಿಧಿ, ಈ ಎರಡೂ ಆ ಕುಣಿಕೆಯನ್ನು ಸಡಿಲಿಸಲು ಬಂದವು. ಸ್ವನಿಧಿಯ ಸಾಲ ಪಡೆದವರ ಬುಟ್ಟಿಯ ಅಂಚಿನಲ್ಲಿ ಈಗ ಕ್ಯೂಆರ್ ಕೋಡಿನ ರಟ್ಟಿದೆ. ದುಡ್ಡು ಜಮೆಯಾದುದನ್ನು ಯಂತ್ರವೇ ಕನ್ನಡದಲ್ಲಿ ಕೂಗಿ ಹೇಳುವುದರಿಂದ ಕಟ್ಟುವ ಕೈ ನಿಲ್ಲಿಸಿ ಫೋನು ನೋಡಬೇಕಾದ ಕಷ್ಟವೂ ತಪ್ಪಿದೆ.

ನಂಬಿಕೆಯ ಮೇಲೆ ನಡೆಯುವ ಬಡಾವಣೆಗೆ ಅದರದೇ ಅಪಾಯವಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 2020ರ ಜನವರಿಯಲ್ಲಿ ಸಮೀಪದ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಾಗ, ಪೆನ್ಷನ್ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ಎಷ್ಟೋ ಮನೆಗಳು ಕುಸಿದು ಕೂತವು. ರಾಷ್ಟ್ರೀಕೃತ ಬ್ಯಾಂಕಿಗಿಂತ ಸ್ವಲ್ಪ ಹೆಚ್ಚಿನ ಬಡ್ಡಿ, ಕೌಂಟರಿನಲ್ಲಿ ಕನ್ನಡದಲ್ಲಿ ಕ್ಷೇಮ ವಿಚಾರಿಸುವ ಸಿಬ್ಬಂದಿ, ಪರಿಚಯದವರೇ ಆಡಳಿತ ಮಂಡಳಿಯಲ್ಲಿರುವರೆಂಬ ಧೈರ್ಯ ಇಷ್ಟು ಸಾಕಾಗಿತ್ತು. ಆ ವರ್ಷ ಅಂಗಡಿಗಳಲ್ಲಿ ಸಾಲ ಬರೆಸಲು ಹಿಂಜರಿಯುತ್ತಾ ಕೇಳಿದ ಹಿರಿಯರಿದ್ದರು, ಮಾತಿಲ್ಲದೆ ಬರೆದುಕೊಂಡ ಅಂಗಡಿಯವರೂ ಇದ್ದರು.

ನಿವಾಸಿಗಳ ಸಂಘಗಳ ಕೆಲಸವನ್ನು ನಾನು ಕಡೆಗಣಿಸುವುದಿಲ್ಲ. ಕಸ ವಿಂಗಡಣೆ, ಬೀದಿದೀಪ, ಉದ್ಯಾನದ ನಿರ್ವಹಣೆ ಈ ವಿಷಯಗಳಲ್ಲಿ ಹಿಡಿದ ಹಟ ಬಿಡದವರು ಇಲ್ಲಿದ್ದಾರೆ. ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ರಸ್ತೆಯ ಕಾಮಗಾರಿ ನಡೆದಷ್ಟು ಕಾಲವೂ ವಾರ್ಡಿಗೆ ಕಾರ್ಪೊರೇಟರ್ ಎಂಬುವರೇ ಇರಲಿಲ್ಲ. ಅಹವಾಲು ಹೇಳಿಕೊಳ್ಳಲು ಸಂಘಗಳೇ ಮುಂದೆ ಹೋಗಬೇಕಾಯಿತು. ಆದರೆ ಸಂಘದ ಸದಸ್ಯತ್ವ ಮನೆ ಇದ್ದವರದು, ಹೂವಿನವರು ವಾಸವಾಗಿರುವುದು ಇಲ್ಲಿಂದ ದೂರದಲ್ಲಿ. ಹಾಗಾಗಿ ದಿನದ ಹದಿನಾಲ್ಕು ಗಂಟೆ ಈ ಬೀದಿಯಲ್ಲಿ ಕಳೆಯುವವರಿಗೆ ಈ ಬೀದಿಯ ಸಭೆಯಲ್ಲಿ ಕುರ್ಚಿಯಿಲ್ಲ. ಒಂದು ಸಭೆಯಲ್ಲಿ ನಿವೃತ್ತ ಮೇಷ್ಟರೊಬ್ಬರು ಎದ್ದು, "ನಾವೆಲ್ಲ ಸೇರಿ ಅವರ ಹೊಟ್ಟೆಪಾಡಿನ ನಿರ್ಣಯ ಮಾಡ್ತಾ ಇದ್ದೀವಿ, ಅವರಲ್ಲಿ ಇಬ್ಬರನ್ನಾದರೂ ಕರೀಬಹುದಿತ್ತಲ್ಲ ಸ್ವಾಮಿ" ಎಂದರು. ಅಧ್ಯಕ್ಷರು ಮುಂದಿನ ಸಲ ನೋಡೋಣವೆಂದರು. ಆ ಮುಂದಿನ ಸಲ ಬಂದಾಗ ಚರ್ಚೆ ವಾಹನ ನಿಲುಗಡೆಗೆ ಹೊರಳಿತ್ತು.

ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯನ್ನು ಮಾತ್ರ ಯಾವ ಸಭೆಯೂ ಅಲ್ಲಾಡಿಸಿಲ್ಲ. ರಾಮಕೃಷ್ಣ ಆಶ್ರಮದಿಂದ ದೊಡ್ಡ ಬಸವಣ್ಣನ ಗುಡಿಯವರೆಗೆ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಯಲ್ಲಿ ಮಾಗಡಿ, ರಾಮನಗರ, ಕೋಲಾರ, ಚಿಂತಾಮಣಿ ಕಡೆಯವರೂ ತಮಿಳುನಾಡಿನವರೂ ರಾಶಿ ಹಾಕಿ ಕೂರುತ್ತಾರೆ, ಸೇರು ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ವಾಹನಗಳು ಬೇರೆ ದಾರಿ ಹಿಡಿಯುತ್ತವೆ. ಸುಂಕೇನಹಳ್ಳಿಯ ಹೊಲಗಳಲ್ಲಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆಯನ್ನು ಒಪ್ಪಿಸಿದ ಕಥೆಯ ಮೇಲೆ ನಿಂತ ಈ ಜಾತ್ರೆಯಲ್ಲಿ, ಇಲ್ಲಿ ಹೊಲಗಳೇ ಇಲ್ಲವಾದ ಮೇಲೂ ಬೀದಿಯಲ್ಲಿ ಕೂತು ಮಾರುವವರ ಹಕ್ಕನ್ನು ಯಾರೂ ಪ್ರಶ್ನಿಸುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅದೇ ಹಕ್ಕನ್ನು ಕೇಳಿದರೆ ಅದು ಒತ್ತುವರಿ ಎನಿಸಿಕೊಳ್ಳುತ್ತದೆ.

ಈ ಹಕ್ಕಿಗೆ ಕಾನೂನಿನಲ್ಲಿಯೇ ಒಂದು ಬಾಗಿಲಿದೆ. 2014ರ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ, ಬೀದಿ ವ್ಯಾಪಾರಿಗಳು 50 ವರ್ಷಗಳಿಗೂ ಮೀರಿ ವ್ಯಾಪಾರ ನಡೆಸಿಕೊಂಡು ಬಂದ, ತಾವಾಗಿಯೇ ಬೆಳೆದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸುವಂತಿಲ್ಲ. ಗಾಂಧಿ ಬಜಾರಿಗೆ ಆ ಅರ್ಹತೆ ಇದೆಯೇ ಎಂದು ಬಸವನಗುಡಿಯಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ, ಆದರೆ ಕಚೇರಿಯಲ್ಲಿ ನಗುವಿಗೆ ಬೆಲೆಯಿಲ್ಲ, ಕಾಗದ ಬೇಕು. ಅಂತಹ ಕಾಗದಗಳು ಇರುವುದು ನಮ್ಮ ಮನೆಗಳಲ್ಲಿಯೇ. 1970ರ ದಶಕದಲ್ಲೋ ಅದಕ್ಕೂ ಹಿಂದೆಯೋ ತೆಗೆದ ಮದುವೆ ದಿಬ್ಬಣದ, ಗಣೇಶನ ಮೆರವಣಿಗೆಯ ಫೋಟೊಗಳ ಅಂಚಿನಲ್ಲಿ ಹೂವಿನ ಬುಟ್ಟಿಗಳು, ತರಕಾರಿ ಗುಡ್ಡೆಗಳು ಕಾಣುತ್ತಿದ್ದರೆ ಅವು ಸಾಕ್ಷ್ಯ. ಹಿರಿಯರ ಮನೆಖರ್ಚಿನ ಡೈರಿಗಳಲ್ಲಿ "ಗಾಂ.ಬ. ಹೂ, 25 ಪೈಸೆ" ಎಂಬಂತಹ ಸಾಲು ತಾರೀಖಿನೊಂದಿಗೆ ಇದ್ದರೆ ಅದೂ ಸಾಕ್ಷ್ಯ. ವ್ಯಾಪಾರಿಗಳ ಹತ್ತಿರ ಪಾಲಿಕೆಯ ಹಳೆಯ ಸುಂಕದ ಚೀಟಿಗಳು, ದಂಡದ ರಸೀದಿಗಳು ಉಳಿದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ದಂಡ ಹಾಕಿದವರು ತಾವೇ ಅವರ ಇರವಿಗೆ ಸಹಿ ಹಾಕಿಕೊಟ್ಟಿದ್ದಾರೆ. ನಮ್ಮ ಬೀದಿಯ ಕೆಲವರು ಇವನ್ನು ಹುಡುಕಿ, ಫೋಟೊ ತೆಗೆದು, ವರ್ಷವಾರು ಜೋಡಿಸಲು ಶುರು ಮಾಡಿದ್ದೇವೆ. ಬಸವನಗುಡಿ ಬಿಟ್ಟು ಹೋದವರ ಆಲ್ಬಮ್ಮುಗಳು ಮೈಸೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ಅಮೆರಿಕದಲ್ಲಿರಲಿ, ಅವುಗಳನ್ನೂ ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ಫೋಟೊದ ಹಿಂದೆ ವರ್ಷ ಬರೆದಿದ್ದರೆ ಆ ಬದಿಯ ಪ್ರತಿಯೂ ಬೇಕಾಗುತ್ತದೆ.